ಮಗುವಿನ ಕಣ್ಣು ನೋಡುವ ಡಾಕ್ಟರು ತಾಯಿಯ ಜ್ವರದ ಬಗ್ಗೆ ಯಾಕೆ ಕೇಳುತ್ತಾರೆ?

ಅಮ್ಮನಿಗೆ ಸಕ್ಕರೆ ಕಾಯಿಲೆ. ವರ್ಷಕ್ಕೊಮ್ಮೆ ಕಾರವಾರದಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇವೆ. ಹೋದ ಸಲ ಅವಳ ಕಣ್ಣಿಗೆ ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಅಂಕೋಲಾ ಕಡೆಯ ಒಂದು ಕುಟುಂಬ (ಊರು ಬದಲಿಸಿ ಹೇಳುತ್ತಿದ್ದೇನೆ). ಬಾಣಂತಿ, ಅವಳ ಅತ್ತೆ, ಎರಡು ತಿಂಗಳ ಕೂಸು. ಕೂಸಿನ ಕಣ್ಣಿನ ಕಪ್ಪು ಪಾಪೆಯ ನಡುವೆ ಹಾಲಿನ ಹನಿ ಬಿದ್ದಂತೆ ಬಿಳಿ.

ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಮಗುವಿನ ಬಗ್ಗೆ ಅಲ್ಲ. "ಬಸಿರಾದ ಮೊದಲ ಎರಡು ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ? ಮೈಮೇಲೆ ಕೆಂಪು ಎದ್ದಿತ್ತಾ?"

"ಇಲ್ಲ ಮೇಡಂ" ಅಂದಳು ಹುಡುಗಿ.

ಅತ್ತೆ ನಡುವೆ ಬಾಯಿ ಹಾಕಿದರು. "ಯಾಕಿಲ್ವೇ? ಮದುವೆ ಮನೆಯಿಂದ ಬಂದ ವಾರ ಮೈಯೆಲ್ಲ ಕೆಂಪಾಗಿತ್ತಲ್ಲೇ. ಹಲಸಿನಹಣ್ಣು ಜಾಸ್ತಿ ತಿಂದು ನಂಜಾಯ್ತು ಅಂದಿದ್ವಲ್ಲ."

ಡಾಕ್ಟರು ಅದನ್ನು ಬರೆದುಕೊಂಡರು. ಕಣ್ಣು ನೋಡಲು ಬಂದವರ ಹತ್ತಿರ ಹಲಸಿನಹಣ್ಣಿನ ಕಥೆ ಯಾಕೆ ಬರೆದುಕೊಳ್ಳಬೇಕು? ಆ ಮಗುವಿಗೆ ಕೊನೆಗೆ ಏನೆಂದು ತಿಳಿಯಿತೋ ನಾನು ಕೇಳಲು ಹೋಗಲಿಲ್ಲ. ಹುಟ್ಟುವಾಗಲೇ ಪೊರೆ (ಕಣ್ಣಿನ ಮಸೂರ, ಅಂದರೆ ಒಳಗಿನ ಲೆನ್ಸು, ಬೆಳ್ಳಗೆ ಮಬ್ಬಾಗುವುದು) ಇರುವುದಕ್ಕೆ ವಂಶದ ಕಾರಣವೂ ಇರಬಹುದು, ಬೇರೆಯದೂ ಇರಬಹುದು. ಆದರೆ ಡಾಕ್ಟರ ಮನಸ್ಸಿನಲ್ಲಿ ಇದ್ದ ಅನುಮಾನ ಯಾವುದು ಎಂದು ಗೊತ್ತಾಯಿತು. ರುಬೆಲ್ಲಾ.

ರುಬೆಲ್ಲಾಕ್ಕೆ ಜರ್ಮನ್ ದಡಾರ ಅಂತಲೂ ಕರೆಯುತ್ತಾರೆ. ನಮ್ಮ ದಡಾರಕ್ಕೂ ಇದಕ್ಕೂ ವೈರಸ್ಸೇ ಬೇರೆ. ದಡಾರ ಬಂದರೆ ಮಗು ನಾಲ್ಕು ದಿನ ಏಳುವುದಿಲ್ಲ, ಮನೆಮಂದಿಗೆಲ್ಲ ಗೊತ್ತಾಗುತ್ತದೆ. ರುಬೆಲ್ಲಾ ಹಾಗಲ್ಲ. ಕೆಮ್ಮು, ಸೀನು, ಉಸಿರಿನಿಂದ ಹರಡುತ್ತದೆ. ಎರಡು ಮೂರು ವಾರದ ನಂತರ ಸಣ್ಣ ಜ್ವರ, ಕಿವಿಯ ಹಿಂದೆ ಮತ್ತು ಕತ್ತಿನ ಹಿಂಭಾಗದಲ್ಲಿ ಗಂಟು, ಮುಖದಿಂದ ಶುರುವಾಗಿ ಕೆಳಗಿಳಿಯುವ ತೆಳು ಕೆಂಪು. ಮೂರು ದಿನಕ್ಕೆ ಎಲ್ಲ ಮಾಯ. ಸೋಂಕು ತಗುಲಿದವರಲ್ಲಿ ಅರ್ಧದಷ್ಟು ಮಂದಿಗೆ ಇಷ್ಟೂ ಆಗುವುದಿಲ್ಲ. ಸುಮ್ನೆ ಬಂದು ಸುಮ್ನೆ ಹೋಗುತ್ತದೆ. ಕೆಂಪು ಏಳುವ ಒಂದು ವಾರ ಮೊದಲೇ ಇನ್ನೊಬ್ಬರಿಗೆ ಅಂಟಿಸಲು ಶುರುಮಾಡಿರುತ್ತದೆ. ಹಾಗಾಗಿ ಯಾರಿಂದ ಬಂತು ಎಂದು ಹುಡುಕಲೂ ಆಗದು.

ನಮ್ಮಲ್ಲಂತೂ ಮೈಮೇಲೆ ಏನೇ ಎದ್ದರೂ ಹಿಂದಿನವರ ಬಳಿ ಎರಡೇ ಲೆಕ್ಕ. ಗುಳ್ಳೆಯಾದರೆ ಅಮ್ಮನ ಖಾತೆಗೆ, ಬರೀ ಕೆಂಪಾದರೆ ನಂಜಿನ ಖಾತೆಗೆ. ರುಬೆಲ್ಲಾ ಎಷ್ಟೋ ಕಾಲ ಈ ನಂಜಿನ ಖಾತೆಯಲ್ಲೇ ಅಡಗಿ ಕೂತಿತ್ತು. ನಮ್ಮಲ್ಲಿ ಮಾತ್ರವಲ್ಲ, ಡಾಕ್ಟರುಗಳೇ ಇದನ್ನು ಮಕ್ಕಳ ಸಣ್ಣಪುಟ್ಟ ಕಾಯಿಲೆ ಎಂದು ಬಗೆದಿದ್ದರು. 1941ರವರೆಗೂ.

ಆ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ಡಾಕ್ಟರಿಗೆ ಒಂದು ವಿಚಿತ್ರ ಕಾಣಿಸಿತು. ಹುಟ್ಟುವಾಗಲೇ ಪೊರೆ ಇರುವ ಕೂಸುಗಳು ಅಪರೂಪ. ಆದರೆ ಒಂದರ ಹಿಂದೆ ಒಂದು ಬರುತ್ತಿವೆ. ಪೊರೆ ನಡುಭಾಗದಲ್ಲಿ ದಟ್ಟ, ಅಂಚಿನಲ್ಲಿ ತೆಳು, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ನಮೂನೆ. ಮಕ್ಕಳು ಸಣಕಲು, ಹಾಲು ಕುಡಿಯುವುದಿಲ್ಲ, ಎಷ್ಟೋ ಮಕ್ಕಳಿಗೆ ಹೃದಯದ ತೊಂದರೆ. ವಂಶದ ಕಾಯಿಲೆ ಇರಬಹುದೇ? ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಇಷ್ಟು ಮನೆಗಳಲ್ಲಿ ಒಂದೇ ವರ್ಷ ಹೇಗೆ ಬರುತ್ತದೆ?

ಉತ್ತರ ಸಿಕ್ಕಿದ್ದು ಬೆಂಚಿನ ಮೇಲೆ ಅಂತ ಹೇಳುತ್ತಾರೆ. ಕಾಯುತ್ತ ಕೂತಿದ್ದ ಇಬ್ಬರು ತಾಯಂದಿರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಬಸಿರಾದ ಹೊಸತರಲ್ಲಿ ನನಗೆ ಜರ್ಮನ್ ದಡಾರ ಬಂದಿತ್ತು ಎಂದು ಒಬ್ಬಳು, ನನಗೂ ಬಂದಿತ್ತು ಎಂದು ಇನ್ನೊಬ್ಬಳು. ಗ್ರೆಗ್ ಹಿಂದಕ್ಕೆ ಲೆಕ್ಕ ಹಾಕಿದರು. 1940ರಲ್ಲಿ ದೊಡ್ಡ ರುಬೆಲ್ಲಾ ಅಲೆ ಬಂದಿತ್ತು. ಯುದ್ಧದ ಕಾಲ, ಸೈನಿಕರ ಶಿಬಿರಗಳಲ್ಲಿ ಜನ ಕಿಕ್ಕಿರಿದಿದ್ದರು, ಅಲ್ಲಿಂದ ಮನೆಮನೆಗೆ ಹಬ್ಬಿತ್ತು. ಅವರು ಬೇರೆ ಡಾಕ್ಟರುಗಳನ್ನೂ ಕೇಳಿ ಒಟ್ಟು 78 ಮಕ್ಕಳ ವಿವರ ಕೂಡಿಸಿದರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸಿರಿನಲ್ಲಿ ರುಬೆಲ್ಲಾ ಬಂದಿತ್ತು. ಹೆಚ್ಚಿನವರಿಗೆ ಮೊದಲೆರಡು ತಿಂಗಳಲ್ಲೇ.

ಅಕ್ಟೋಬರ್ 1941ರಲ್ಲಿ ಮೆಲ್ಬರ್ನಿನಲ್ಲಿ ಇದನ್ನು ಓದಿದರು. ಎಲ್ಲರೂ ತಕ್ಷಣ ಒಪ್ಪಲಿಲ್ಲ. ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 1944ರಲ್ಲೂ ಅನುಮಾನದಿಂದಲೇ ಬರೆಯಿತು. ಹುಟ್ಟಿನ ಕುಂದುಗಳೆಲ್ಲ ವಂಶದಿಂದ ಬರುವುವು, ಗರ್ಭದೊಳಗಿನ ಕೂಸು ಕೋಟೆಯೊಳಗಿದ್ದಂತೆ ಎಂಬ ನಂಬಿಕೆ ಆಗ ಅಷ್ಟು ಗಟ್ಟಿಯಾಗಿತ್ತು. ಆ ಕೋಟೆಗೆ ಬಾಗಿಲಿದೆ ಎಂದು ತೋರಿಸಿಕೊಟ್ಟಿದ್ದು ಹೆರಿಗೆ ಡಾಕ್ಟರಲ್ಲ, ಕಣ್ಣಿನ ಡಾಕ್ಟರು. ನನಗೆ ಈ ಕಥೆ ಇಷ್ಟವಾಗುವುದು ಅದಕ್ಕೇ. ವೈರಸ್ಸನ್ನು ಪ್ರಯೋಗಾಲಯದಲ್ಲಿ ಹಿಡಿದದ್ದು 21 ವರ್ಷ ಕಳೆದ ಮೇಲೆ, 1962ರಲ್ಲಿ.

ಇನ್ನು, ಮೊದಲ ಮೂರು ತಿಂಗಳೇ ಯಾಕೆ?

ತಾಯಿಯ ರಕ್ತದಲ್ಲಿ ಸೇರಿದ ವೈರಸ್ಸು ಮೊದಲು ಮಾಸುವಿಗೆ ಅಂಟುತ್ತದೆ, ಅಲ್ಲಿಂದ ಕೂಸಿಗೆ ದಾಟುತ್ತದೆ. ಆ ಹೊತ್ತಿಗೆ ಕೂಸು ಹೆಸರುಕಾಳಿನಷ್ಟೋ ಕಡಲೆಯಷ್ಟೋ ಇರುತ್ತದೆ. ಆದರೆ ಮುಖ್ಯ ಕೆಲಸವೆಲ್ಲ ಆಗಲೇ ನಡೆಯುತ್ತಿರುತ್ತದೆ. ಮನೆ ಕಟ್ಟುವವರು ಪಾಯ ಹಾಕುವ ವಾರ ಇದ್ದ ಹಾಗೆ. ನಾಲ್ಕನೇ ವಾರದ ಹೊತ್ತಿಗೆ ಕಣ್ಣಿನ ಮಸೂರಕ್ಕೆ ಜಾಗ ಗುರುತಾಗುತ್ತದೆ. ಎಂಟನೇ ವಾರದೊಳಗೆ ಅದರ ತಿರುಳು ತುಂಬಿರುತ್ತದೆ. ಹೃದಯದ ಕೋಣೆಗಳು ರೂಪುಗೊಳ್ಳುವುದೂ ಇದೇ ವಾರಗಳಲ್ಲಿ. ರುಬೆಲ್ಲಾ ವೈರಸ್ಸು ಜೀವಕೋಶಗಳು ಒಡೆದು ಹೆಚ್ಚುವುದನ್ನು ನಿಧಾನ ಮಾಡುತ್ತದೆ, ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಯಾವ ವಾರ ಯಾವ ಕೆಲಸ ನಡೆಯುತ್ತಿತ್ತೋ ಅದು ಅಲ್ಲಿಗೇ ಕುಂಟುತ್ತದೆ.

ಮಸೂರದ ವಿಷಯ ಇನ್ನೂ ಸ್ವಲ್ಪ ವಿವರಿಸಬೇಕು. ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಕೊಯ್ದಿಟ್ಟ ಸಾಗವಾನಿ ದಿಮ್ಮಿ ನೋಡಿದ್ದೀರಿ ಅಲ್ವಾ? ಬಳೆ ಬಳೆಯಾಗಿ ಉಂಗುರ. ಹೊರಗಿನದು ಹೊಸದು, ನಟ್ಟನಡುವಿನದು ಮರ ಸಸಿಯಾಗಿದ್ದಾಗಿನದು. ಮಸೂರವೂ ಹಾಗೇ ಬೆಳೆಯುತ್ತದೆ. ಹೊಸ ಪದರ ಹೊರಗೆ ಸೇರುತ್ತದೆ, ಹಳೆಯದು ಒಳಗೇ ಉಳಿಯುತ್ತದೆ, ಯಾವುದೂ ಉದುರುವುದಿಲ್ಲ. ಚರ್ಮದಂತೆ ಸಿಪ್ಪೆ ಕಳಚಿ ಹೊಸದಾಗುವ ಭಾಗ್ಯ ಅದಕ್ಕಿಲ್ಲ. ನಿಮ್ಮ ಕಣ್ಣಿನ ಮಸೂರದ ನಡುವೆ ಈಗಲೂ ಇರುವುದು ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗಿನ ತಿರುಳು. ಅದರ ಸುತ್ತ ಚೀಲ ಗಟ್ಟಿಯಾಗುವ ಮೊದಲೇ ವೈರಸ್ಸು ಒಳಗೆ ನುಗ್ಗಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದೇಹದ ಕಾವಲುಗಾರರು ಅಲ್ಲಿಗೆ ಸುಲಭಕ್ಕೆ ಹೋಗಲಾರರು, ಮಸೂರಕ್ಕೆ ರಕ್ತನಾಳಗಳ ದಾರಿ ಇಲ್ಲವಲ್ಲ. ಹುಟ್ಟಿ ಎಷ್ಟೋ ತಿಂಗಳಾದ ಮಕ್ಕಳ ಪೊರೆ ತೆಗೆದಾಗ ಅದರೊಳಗೆ ಜೀವಂತ ರುಬೆಲ್ಲಾ ವೈರಸ್ಸು ಸಿಕ್ಕಿದೆ. ಗ್ರೆಗ್ ಕಂಡ ಪೊರೆ ನಡುಭಾಗದಲ್ಲೇ ದಟ್ಟವಾಗಿದ್ದುದು ಯಾಕೆ ಎಂದು ಈಗ ಅರ್ಥವಾಯಿತಲ್ಲ.

ಕಿವಿಯ ಕಥೆ ಸ್ವಲ್ಪ ಬೇರೆ. ಒಳಕಿವಿ ತಿಂಗಳುಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ನಾಲ್ಕನೇ ತಿಂಗಳಲ್ಲಿ ಸೋಂಕು ತಗುಲಿದರೂ ಕಿವುಡು ಬರಬಹುದು. ಎಲ್ಲಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣುವ ತೊಂದರೆ ಇದೇ. ಆದರೆ ಕಣ್ಣಿನ ಬಿಳಿಯಂತೆ ಕಿವುಡು ಮೊದಲ ದಿನವೇ ಕಾಣುವುದಿಲ್ಲ. ಲೆಕ್ಕ ಹೀಗಿದೆ: ಮೊದಲ 12 ವಾರದೊಳಗೆ ತಾಯಿಗೆ ಸೋಂಕಾದರೆ ಕೂಸಿಗೆ ಹಾನಿಯಾಗುವ ಸಂಭವ ಶೇಕಡಾ 90ರವರೆಗೂ ಹೋಗುತ್ತದೆ. ಆಮೇಲೆ ಬೇಗ ಇಳಿಯುತ್ತದೆ. 20 ವಾರ ದಾಟಿದ ಮೇಲೆ ಅಪರೂಪ. ಎಷ್ಟೋ ಬಸಿರು ಮೊದಲೇ ಕಳೆದುಹೋಗುವುದೂ ಉಂಟು. ಹುಟ್ಟಿದ ಮಕ್ಕಳಲ್ಲಿ ಪೊರೆ ಮಾತ್ರವಲ್ಲ, ಕಣ್ಣುಗುಡ್ಡೆಯೇ ಸಣ್ಣದಿರಬಹುದು, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ರೆಟಿನಾದ (ಕಣ್ಣಿನ ಒಳಗೆ ಹಿಂಬದಿಯ ಪರದೆ) ಮೇಲೆ ಉಪ್ಪು ಮೆಣಸಿನಪುಡಿ ಚೆಲ್ಲಿದಂತೆ ಚುಕ್ಕೆ ಕಾಣಬಹುದು. ಇನ್ನೊಂದು ಮಾತು. ಇಂಥ ಕೂಸಿನ ಜೊಲ್ಲು, ಮೂತ್ರದಲ್ಲಿ ಒಂದು ವರ್ಷದವರೆಗೂ ವೈರಸ್ಸು ಇರಬಹುದು. ಕೂಸನ್ನು ನೋಡಲು ಬರುವ ನೆಂಟರಲ್ಲಿ ಬಸುರಿಯರಿದ್ದರೆ ಸ್ವಲ್ಪ ದೂರ ಇರುವುದು ಒಳ್ಳೆಯದು.

ಕೂಸಿನ ಪಾಪೆ ಬಿಳಿಯಾಗಿ ಕಂಡರೆ, ಇಲ್ಲವೇ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ ಇನ್ನೊಂದು ಬೆಳ್ಳಗೆ ಬಂದರೆ, ನಾಮಕರಣ ಮುಗಿಯಲಿ, ಮಳೆ ನಿಲ್ಲಲಿ ಎಂದು ಕಾಯಬೇಡಿ. ಬಿಳಿ ಪಾಪೆಗೆ ಪೊರೆಯಲ್ಲದೆ ಕಣ್ಣಿನ ಕ್ಯಾನ್ಸರ್ ಕೂಡ ಕಾರಣವಾಗಬಹುದು. ಪೊರೆಯೇ ಆಗಿದ್ದರೂ ಕಾಯುವಂತಿಲ್ಲ. ದೊಡ್ಡವರ ಪೊರೆ ಆರು ತಿಂಗಳು ತಡವಾಗಿ ತೆಗೆದರೆ ನಷ್ಟ ಕಡಿಮೆ. ಕೂಸಿಗೆ ಹಾಗಲ್ಲ. ನೋಡುವುದನ್ನು ಮೆದುಳು ಕಲಿಯುವುದೇ ಆ ಮೊದಲ ತಿಂಗಳುಗಳಲ್ಲಿ. ದಟ್ಟ ಪೊರೆ ಇದ್ದರೆ ಹುಟ್ಟಿದ ಆರರಿಂದ ಎಂಟು ವಾರದ ಆಸುಪಾಸಿನಲ್ಲಿ ಆಪರೇಷನ್ ಆಗಬೇಕು ಎನ್ನುತ್ತಾರೆ. ತಡವಾದರೆ ಕಣ್ಣು ಸರಿಯಾದರೂ ಮೆದುಳಿಗೆ ನೋಡಲು ಬರುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಇಂಥ ಆಪರೇಷನ್ ಎಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂಬ ಓಡಾಟ ಇದ್ದದ್ದೇ. ಘಟ್ಟ ಇಳಿದು ಹತ್ತುವುದರಲ್ಲೇ ವಾರಗಳು ಹೋಗುತ್ತವೆ. ಆದ್ದರಿಂದಲೇ ಮೊದಲ ದಿನ ಕಂಡದ್ದನ್ನು ಮೊದಲ ದಿನವೇ ಹೇಳಬೇಕು.

ಇಷ್ಟೆಲ್ಲ ಹೆದರಿಸುವ ಕಾಯಿಲೆಗೆ ಇರುವ ತಡೆ ತೀರಾ ಸರಳ. ಲಸಿಕೆ. ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಶುರುವಾದದ್ದು ಫೆಬ್ರವರಿ 2017ರಲ್ಲಿ, ಕರ್ನಾಟಕವೂ ಗೋವಾವೂ ಮೊದಲ ಸುತ್ತಿನಲ್ಲೇ ಇದ್ದವು. ಕಾಳಿ ಸೇತುವೆಯ ಆಚೆಗೂ ಈಚೆಗೂ ಒಂದೇ ಹೊತ್ತಿಗೆ ಶಾಲೆಗಳಲ್ಲಿ ಸೂಜಿ ಚುಚ್ಚಿದರು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ.

ಆಗ ವಾಟ್ಸಾಪಿನಲ್ಲಿ ಏನೇನೋ ಓಡಾಡಿತ್ತು. ಅದನ್ನು ಬಿಡಿ. ಆದರೆ ನಮ್ಮ ಓಣಿಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು. "ತೊಂದರೆ ಬಸುರಿಯರಿಗಾದರೆ ನನ್ನ ಮಗನಿಗೆ ಯಾಕೆ ಚುಚ್ಚಬೇಕು?" ಬ್ರಿಟನ್ನಿನವರೂ ಮೊದಲು ಹೀಗೇ ಯೋಚಿಸಿದ್ದರು. 1970ರಿಂದ ಶಾಲೆಯ ಹುಡುಗಿಯರಿಗೆ ಮಾತ್ರ ಲಸಿಕೆ ಕೊಟ್ಟರು. ಹುಡುಗರ ನಡುವೆ, ಪುಟ್ಟ ಮಕ್ಕಳ ನಡುವೆ ವೈರಸ್ಸು ಆರಾಮಾಗಿ ಓಡಾಡಿಕೊಂಡಿತ್ತು. ಲಸಿಕೆ ತಪ್ಪಿದ ಬಸುರಿಗೆ ಅದು ಮನೆಯ ಮಗುವಿನಿಂದಲೇ ಬರುತ್ತಿತ್ತು. 1988ರಲ್ಲಿ ಅವರೂ ಎಲ್ಲ ಮಕ್ಕಳಿಗೆ ಕೊಡಲು ಶುರುಮಾಡಿದರು.

ಗ್ರೀಸ್ ದೇಶದ್ದು ಇನ್ನೊಂದು ಪಾಠ, ಸ್ವಲ್ಪ ತಲೆಕೆಳಗಾದದ್ದು. ಅಲ್ಲಿ ಲಸಿಕೆ ಇತ್ತು, ಆದರೆ ಅರ್ಧದಷ್ಟು ಮಕ್ಕಳಿಗೂ ತಲುಪುತ್ತಿರಲಿಲ್ಲ. ಲಸಿಕೆ ಅರ್ಧಂಬರ್ಧ ಆದಾಗ ವೈರಸ್ಸು ಸಾಯುವುದಿಲ್ಲ, ನಿಧಾನವಾಗುತ್ತದೆ. ಮೊದಲಾದರೆ ಹೆಚ್ಚಿನವರಿಗೆ ಬಾಲ್ಯದಲ್ಲೇ ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಈಗ ಎಷ್ಟೋ ಹುಡುಗಿಯರು ಬಾಲ್ಯದಲ್ಲಿ ತಪ್ಪಿಸಿಕೊಂಡು, ಲಸಿಕೆಯೂ ಇಲ್ಲದೆ ಬಸಿರಿನ ವಯಸ್ಸಿಗೆ ಬಂದರು. 1993ರಲ್ಲಿ ಅಲೆ ಬಂದಾಗ ಹೊಡೆತ ಅವರಿಗೇ ಬಿತ್ತು. ಅದಕ್ಕೇ ನಮ್ಮಲ್ಲಿ ಬರೀ ಕೂಸುಗಳಿಗೆ ಕೊಟ್ಟು ಸುಮ್ಮನಾಗದೆ 15 ವರ್ಷದವರೆಗೂ ಒಮ್ಮೆಲೇ ಗುಡಿಸಿದ್ದು. ಈಗ ಅದು ಅಂಗನವಾಡಿಯ ಮಾಮೂಲಿ ಪಟ್ಟಿಯಲ್ಲೇ ಇದೆ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು.

ತಪ್ಪಿಸಿಕೊಂಡವರು ಯಾರು? ಸುಮಾರು 2002ಕ್ಕಿಂತ ಮೊದಲು ಹುಟ್ಟಿದ ಹೆಣ್ಣುಮಕ್ಕಳು. 2017ರಲ್ಲಿ ಅವರ ವಯಸ್ಸು ದಾಟಿತ್ತು. ಈಗ ಮದುವೆ, ಮಗು ಎಂದು ಯೋಚಿಸುತ್ತಿರುವವರು ಬಹಳ ಮಂದಿ ಅವರೇ. ಮದುವೆಗೆ ಮೊದಲು ಜಾತಕ ನೋಡುತ್ತೇವೆ, ರಕ್ತದ ಗುಂಪು ಕೇಳುತ್ತೇವೆ. ರುಬೆಲ್ಲಾ ಲಸಿಕೆ ಆಗಿದೆಯಾ ಎಂದು ಕೇಳುವವರನ್ನು ನಾನಂತೂ ಕಂಡಿಲ್ಲ. ಇದು ಜೀವಂತ ವೈರಸ್ಸನ್ನು ಮೆತ್ತಗೆ ಮಾಡಿದ ಲಸಿಕೆ. ಬಸಿರಿನಲ್ಲಿ ಕೊಡುವುದಿಲ್ಲ. ಹಾಕಿಸಿಕೊಂಡು ಒಂದು ತಿಂಗಳು ಬಸಿರು ಮುಂದೂಡಬೇಕು. ಗೊತ್ತಿಲ್ಲದೆ ಬಸಿರಿನಲ್ಲಿ ಹಾಕಿಸಿಕೊಂಡುಬಿಟ್ಟರೆ ಗಾಬರಿ ಬೇಡ, ಅದಕ್ಕಾಗಿ ಬಸಿರು ತೆಗೆಸಬೇಕಿಲ್ಲ. ತಪ್ಪಿದವರಿಗೆ ಹೆರಿಗೆಯಾದ ಮೇಲೆ, ಹಾಲು ಕುಡಿಸುತ್ತಿರುವಾಗಲೇ ಕೊಡಬಹುದು.

ಗಾಬರಿ ಎಂದಾಗ 'ಟಾರ್ಚ್' ಟೆಸ್ಟಿನ ನೆನಪಾಗುತ್ತದೆ. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ (ಸೈಟೊಮೆಗಾಲೊವೈರಸ್), ಹರ್ಪಿಸ್ ಎಲ್ಲ ಸೇರಿಸಿ ಮಾಡುವ ರಕ್ತಪರೀಕ್ಷೆ. ರಿಪೋರ್ಟಿನಲ್ಲಿ 'ಪಾಸಿಟಿವ್' ಎಂದು ದಪ್ಪಕ್ಷರದಲ್ಲಿ ಬಂದರೆ ಮನೆಯಲ್ಲಿ ಅಳು ಶುರು. ಅಲ್ಲಿ ಎರಡು ಸಾಲು ಇರುತ್ತವೆ. ಐಜಿಜಿ ಅಂದರೆ ಹಳೆಯ ಖಾತೆ, ಯಾವಾಗಲೋ ಸೋಂಕೋ ಲಸಿಕೆಯೋ ಆಗಿ ಹೋಗಿದೆ ಎಂದು. ರುಬೆಲ್ಲಾದ ಐಜಿಜಿ ಮಾತ್ರ ಪಾಸಿಟಿವ್ ಎಂದರೆ ಬಹುತೇಕ ಒಳ್ಳೆಯ ಸುದ್ದಿ, ರಕ್ಷಣೆ ಇದೆ ಎಂದರ್ಥ. ಐಜಿಎಂ ಅಂದರೆ ಹೊಸ ಸೋಂಕಿನ ಸೂಚನೆ. ಅದೂ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ಹಾಗಾಗಿ ಒಂದೇ ಕಾಗದ ನೋಡಿ ತೀರ್ಮಾನ ಮಾಡಬಾರದು, ಎರಡನೇ ಪರೀಕ್ಷೆ, ಸ್ಕ್ಯಾನು, ತಜ್ಞರ ಮಾತು ಎಲ್ಲ ಬೇಕು.

ಟಾಕ್ಸೊಪ್ಲಾಸ್ಮಾ ವೈರಸ್ಸಲ್ಲ, ಒಂದು ಪರಾವಲಂಬಿ ಜೀವಿ. ಅರೆಬೆಂದ ಮಾಂಸ, ಬೆಕ್ಕು ಹೊಲಸು ಮಾಡಿದ ಮಣ್ಣು, ತೊಳೆಯದ ಸೊಪ್ಪಿನಿಂದ ಬರುತ್ತದೆ. ಕೂಸಿನ ರೆಟಿನಾದ ನಟ್ಟನಡುವೆ ಗಾಯದ ಕಲೆ ಬಿಡಬಲ್ಲದು. ಬಸುರಿಯರು ಬೆಕ್ಕನ್ನು ಮನೆಯಿಂದ ಓಡಿಸಬೇಕಿಲ್ಲ, ಅದರ ಹೊಲಸು ಬಳಿಯುವ ಕೆಲಸ ಬೇರೆಯವರು ಮಾಡಲಿ.

ಜ್ವರ ಹೋಗಿ ಕಣ್ಣಿನಲ್ಲಿ ಗುರುತು ಉಳಿಯುವುದು ಕೂಸುಗಳಿಗೆ ಮಾತ್ರವೇ? ಅಲ್ಲ. ನಮ್ಮ ಕರಾವಳಿಯಲ್ಲಿ ಇಲಿ ಜ್ವರ ಹೊಸದಲ್ಲ. ಇಲಿ ಮೂತ್ರ ಸೇರಿದ ನೀರಿನಲ್ಲಿ, ಮಳೆಗಾಲದ ನಾಟಿ ಗದ್ದೆಯಲ್ಲಿ, ಕಾಲಿನ ಸಣ್ಣ ಗಾಯದಿಂದ ಒಳಹೊಗುತ್ತದೆ. ಜ್ವರದ ದಿನಗಳಲ್ಲೇ ಕಣ್ಣು ಕೆಂಪಗಾಗುತ್ತದೆ, ಆದರೆ ಪಿಸುರು ಇರುವುದಿಲ್ಲ. ಅದು ಡಾಕ್ಟರಿಗೆ ಒಳ್ಳೆಯ ಸುಳಿವು. ಆಟ ಅಲ್ಲಿಗೇ ಮುಗಿಯದು. ಜ್ವರ ವಾಸಿಯಾಗಿ ತಿಂಗಳುಗಳಾದ ಮೇಲೆ ಕೆಲವರಿಗೆ ಇದ್ದಕ್ಕಿದ್ದಂತೆ ಕಣ್ಣು ಕೆಂಪು, ನೋವು, ಮಂಜು. ಇದು ಯುವೈಟಿಸ್, ಅಂದರೆ ಕಣ್ಣಿನ ನಡುಪದರದ ಉರಿಯೂತ. ಸರಿಯಾದ ಮದ್ದು ಸಿಕ್ಕರೆ ಚೆನ್ನಾಗಿಯೇ ವಾಸಿಯಾಗುತ್ತದೆ. ಆದರೆ ದೀಪಾವಳಿಗೆ ಕೆಂಪಾದ ಕಣ್ಣಿಗೂ ಆಷಾಢದ ಜ್ವರಕ್ಕೂ ಗಂಟು ಹಾಕಬೇಕಾದವರು ಯಾರು? ಹೇಳದಿದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು!

ಘಟ್ಟದ ಮೇಲೆ, ಸಿದ್ದಾಪುರ ಕಡೆ ಮಂಗನ ಕಾಯಿಲೆ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ್ದು. ಉಣುಗು ಕಚ್ಚಿ ಬರುವ ಈ ವೈರಸ್ಸು ರಕ್ತಸ್ರಾವ ಮಾಡಿಸುತ್ತದೆ, ಕಣ್ಣಿನೊಳಗೂ. ಜ್ವರದ ಜೊತೆ ಕಣ್ಣು ಕೆಂಪಾಗಿ ಬೆಳಕು ಚುಚ್ಚಿದರೆ, ಬೆಟ್ಟಕ್ಕೆ ಸೊಪ್ಪು, ತರಗೆಲೆಗೆ ಹೋಗಿದ್ದನ್ನು ಹೇಳಲೇಬೇಕು.

ರುಬೆಲ್ಲಾ ಕೂಡ ದೊಡ್ಡವರ ಕಣ್ಣಿನಲ್ಲಿ ಗುಟ್ಟಾಗಿ ಕೂತಿರಬಹುದು ಎಂಬುದು ಈಚಿನ ತಿಳಿವಳಿಕೆ. ಫುಕ್ಸ್ ಯುವೈಟಿಸ್ ಎಂಬ ಒಂದು ನಿಧಾನ ಕಾಯಿಲೆ ಇದೆ. ಒಂದೇ ಕಣ್ಣಿಗೆ ಬರುವುದು ಹೆಚ್ಚು, ನೋವಿಲ್ಲ, ವರ್ಷಗಳ ಮೇಲೆ ಪೊರೆ ತರುತ್ತದೆ. ಆ ಕಣ್ಣಿನ ಬಣ್ಣ ಇನ್ನೊಂದಕ್ಕಿಂತ ತಿಳಿಯಾಗುತ್ತದೆಯಂತೆ, ನಮ್ಮ ಕಂದು ಕಣ್ಣುಗಳಲ್ಲಿ ಅದು ಅಷ್ಟು ಎದ್ದು ಕಾಣದು. ಇಂಥ ಕಣ್ಣುಗಳೊಳಗಿನ ನೀರನ್ನು ಪರೀಕ್ಷಿಸಿದಾಗ ಬಹಳ ಸಲ ರುಬೆಲ್ಲಾ ವಿರುದ್ಧದ ಪ್ರತಿಕಾಯಗಳು ಸಿಕ್ಕಿವೆ.

ಬಸುರಿಯರಿಗೆ ಇನ್ನೊಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಇದಕ್ಕೆ ವೈರಸ್ಸಿನ ಸಂಬಂಧವಿಲ್ಲ. ಐದು ತಿಂಗಳಾದ ಮೇಲೆ ತಲೆಸಿಡಿತ, ಕಣ್ಣು ಮಂಜು, ಕಣ್ಣೆದುರು ಮಿಂಚು ಹೊಡೆದಂತೆ ಕಂಡರೆ ಅದು ಬಿಪಿ ಏರಿದ ಲಕ್ಷಣ ಇರಬಹುದು. ಕನ್ನಡಕದ ಅಂಗಡಿಗೆ ಹೋಗಬೇಡಿ, ಹೆರಿಗೆ ಆಸ್ಪತ್ರೆಗೆ ಹೋಗಿ, ಅದೇ ದಿನ. ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದವರು ಮೊದಲ ಮೂರು ತಿಂಗಳಲ್ಲೇ ರೆಟಿನಾ ತೋರಿಸಬೇಕು, ಬಸಿರಿನಲ್ಲಿ ಅದು ಬೇಗ ಕೆಡಬಹುದು.

ಅಷ್ಟರಲ್ಲಿ ಅಮ್ಮನ ಸರದಿ ಬಂತು. ಕೊಯ್ಯದೆ, ಚುಚ್ಚದೆ ಮನುಷ್ಯನ ರಕ್ತನಾಳಗಳನ್ನು ನೇರ ನೋಡಲು ಸಿಗುವ ಜಾಗ ರೆಟಿನಾ. ಸಕ್ಕರೆಯೂ ಬಿಪಿಯೂ ಅಲ್ಲಿ ಏನು ಮಾಡಿವೆ ಎಂದು ಡಾಕ್ಟರು ಪಾಪೆಯ ಕಿಟಕಿಯಿಂದ ಇಣುಕಿ ನೋಡಿದರು. ಈ ವರ್ಷವೂ ಪರವಾಗಿಲ್ಲ ಎಂದರು.

ಮನೆಗೆ ಬಂದು ಅಮ್ಮನ ಫೈಲಿನ ಹಿಂದಿನ ಹಾಳೆಯಲ್ಲಿ ಅವಳಿಗೆ ಬಂದ ಜ್ವರಗಳನ್ನೆಲ್ಲ ಬರೆಯಲು ಕೂತೆ. ಇಸವಿ ನೆನಪಿಲ್ಲ ಅವಳಿಗೆ, ಎಲ್ಲ ಬೇರೆ ಲೆಕ್ಕದಲ್ಲಿ ಹೇಳುತ್ತಾಳೆ. ಡ್ರಾಪ್ಸಿನ ಮಂಜು ಇನ್ನೂ ಇಳಿದಿರಲಿಲ್ಲ, ಕಣ್ಣು ಕಿರಿದು ಮಾಡಿಕೊಂಡೇ ಹೇಳಿದಳು. "ನಾಟಿಗೆ ಹೋದಾಗ ಒಂದು ಬಂದಿತ್ತು ನೋಡು, ಕಣ್ಣು ಕೆಂಡದ ಹಾಗೆ ಆಗಿತ್ತು. ಕೊಂಕಣ ರೈಲು ಬರೋದಕ್ಕಿಂತ ಮುಂಚೆ. ಅದನ್ನೂ ಬರೀಬೇಕಾ?"

1998ಕ್ಕೆ ಮೊದಲು ಎಂದು ಬರೆದುಕೊಂಡೆ.